ಪಿರ ಪೋಲೆ

ನಾಳೆ ಹರಿಣಾಕ್ಷಿಗೆ ಈ ಟ್ಯಾಬು ಕೊಡಬೇಕು.
ಬಡ್ತಿ ಪರೀಕ್ಷೆಗೆ ಅವಳಿಗಿನ್ನು ನಲವತ್ತು ದಿನ.
"ಅಕ್ಕ, ನಿಮ್ಮ ಬಣ್ಣ ಎಲ್ಲ ತೆಗೆದು ಕೊಡಿ" ಅಂದಿದ್ದಾಳೆ,
"ನಿಮ್ಮ ಕಣ್ಣಲ್ಲಿ ಓದಿದರೆ ನಾನು ಫೇಲು."
ತಪ್ಪೇನು? ನಾನೇ ಎರಡು ಸಲ ಫೇಲು.

ಬೆರಳೊತ್ತಿ ಹಿಡಿದರೆ ಪುಟ್ಟ ಪಟ್ಟಿಯೊಂದು ಏಳುತ್ತದೆ:
ನಾಲ್ಕು ಬಣ್ಣದ ಬೊಟ್ಟು, ಕೊನೆಗೊಂದು ಕಸದ ಬುಟ್ಟಿ.
ಮುಟ್ಟು. ಹೋಯಿತು.
ಪೆನ್ಸಿಲ್ಲಿನ ಗೆರೆಯಾದರೆ ಉಜ್ಜಿದ ಮೇಲೂ
ಕಾಗದದ ಮೈಯಲ್ಲಿ ತಗ್ಗೊಂದು ಉಳಿಯುತ್ತಿತ್ತು,
ಓರೆ ಬೆಳಕಿಗೆ ಹಿಡಿದರೆ ಕಾಣುವಷ್ಟು.
ಇಲ್ಲಿ ಯಾರೂ ಓದೇ ಇಲ್ಲದ ಹಾಗೆ ಬಿಳಿ.
ಅಲೆ ಬಂದು ಮರಳಿನ ಅಕ್ಷರ ಒಯ್ದ ಹಾಗೆ ಎನ್ನಬಹುದಿತ್ತು;
ಆದರೆ ಮಲ್ಪೆಯಲ್ಲಿ ಹುಟ್ಟಿದವಳು ನಾನು,
ಮರಳಲ್ಲಿ ಹೆಸರು ಬರೆಯುವವರು ಹೊರಗಿಂದ ಬಂದವರು.

ಪುಟ ಹನ್ನೊಂದು: ಜಾಮೀನುದಾರನ ಹೊಣೆ, ಮೂರು ಸಾಲು ಹಳದಿ.
ಪುಟ ಹನ್ನೆರಡು: ಅಂಚಿನಿಂದ ಅಂಚಿಗೆ ಹಳದಿ.
ಎಲ್ಲವೂ ಮುಖ್ಯ ಅನಿಸಿದ ಆ ವಾರದ ಹೆದರಿಕೆ.
ಪುಟ ಮೂವತ್ತು: "ಆದರೆ". ಅಷ್ಟೇ, ಒಂದು ಪದ.
ಪುಟ ನಲವತ್ನಾಲ್ಕು: "ಸದರಿ".
ಪುಟ ಐವತ್ತು: ಒಂದು ಅಲ್ಪವಿರಾಮ.

ಇವನ್ನು ನಾನು ಬಳಿದಿಲ್ಲ.
ಉಡುಪಿಯಿಂದ ಮಂಗಳೂರಿಗೆ ಆರು ಐವತ್ತರ ಎಕ್ಸ್‌ಪ್ರೆಸ್,
ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸಾಲದ ನಿಯಮ,
ಗಾಜಿನ ಮೇಲೆ ಬೆವೆತ ಹೆಬ್ಬೆರಳು.
ಪಡುಬಿದ್ರಿ ಪೇಟೆಯಲ್ಲಿ ಡ್ರೈವರ್ ಬ್ರೇಕ್ ಮೆಟ್ಟಿದ: "ಆದರೆ".
ಮೂಲ್ಕಿ ಸೇತುವೆಯ ಸಂದಿಗೆ ಚಕ್ರ ಕುಪ್ಪಳಿಸಿತು: "ಸದರಿ".
ಅಲ್ಪವಿರಾಮ ಪ್ರಾಯಶಃ ಹಳೆಯಂಗಡಿಯ ದನ.
ಮೂರನೇ ಸಲ ಪಾಸಾದದ್ದರಲ್ಲಿ
ಆ ಡ್ರೈವರನ ಪಾಲೆಷ್ಟೋ.

ಅಳಿಸುತ್ತ ಅಳಿಸುತ್ತ ಪುಟ ಎಂಬತ್ತೇಳು.
ಹಳದಿ ತೆಗೆದೆ, ಅಡಿಯಿಂದ ಹಸಿರು ಎದ್ದಿತು.
ಹಿಲ್ಡಾ ಕ್ರಾಸ್ತಾ! ಫೈಲು ಮೊದಲು ಅವಳದಲ್ಲವೇ.
"ಕಂತು ತಪ್ಪಿದವರ ಮನೆಗೆ
ಸಂಜೆ ಏಳರ ನಂತರ ಹೋಗತಕ್ಕದ್ದಲ್ಲ."
ಒಂದು ಮಾರ್ಕಿಗೂ ಯಾರೂ ಕೇಳದ ಸಾಲು.
ಮ್ಯಾನೇಜರ ಜೊತೆ ಕೂಳೂರಿನ ಒಂದು ಮನೆಗೆ ಹೋಗಿ
ರಾತ್ರಿ ಒಂಬತ್ತಕ್ಕೆ ಮರಳಿದವಳು
ಮಾರನೆಯ ದಿನ ಕೌಂಟರಿನಲ್ಲಿ ನೋಟು ಎಣಿಸಿದಳು, ಎಣಿಸಿದಳು,
ಯಾರೊಡನೆಯೂ ಮಾತಾಡಲಿಲ್ಲ.
ವರ್ಷದೊಳಗೆ ಸ್ವಯಂ ನಿವೃತ್ತಿ.
ಈಗ ಬೆಂದೂರಿನಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುತ್ತಾಳಂತೆ.
ಅವಳ ಹಸಿರಿನ ಮೇಲೆ ನಾನು ಹಳದಿ ಎಳೆದದ್ದು
ನೋಡದೆಯೋ, ನೋಡಿಯೋ?
ಟ್ಯಾಬಿಗೆ ತಾರೀಕು ಗೊತ್ತು, ಇದು ಗೊತ್ತಿಲ್ಲ.

ಬೆರಳು ಅಭ್ಯಾಸಬಲದಿಂದ ಅದನ್ನೂ ಮುಟ್ಟಿಬಿಟ್ಟಿತು.
ಅಳಿಸಲಾಗಿದೆ, ಅಂದಿತು ಪರದೆಯ ಬುಡ,
ಪಕ್ಕದಲ್ಲಿ ಹಿಂದಕ್ಕೆ ಬಾಗಿದ ಬಾಣ,
ಐದು ಸೆಕೆಂಡು ಇರುತ್ತದೆ.

ಕಂಡಕ್ಟರ್ ದಿನವೂ ಕೂಗುವುದು ಅದನ್ನೇ:
ಪಿರ ಪೋಲೆ, ಪಿರ ಪೋಲೆ,
ಹಿಂದೆ ಹೋಗಿ, ಹಿಂದೆ ಜಾಗ ಉಂಟು.
ಹಿಂದೆ ಎಂದೂ ಜಾಗ ಇದ್ದದ್ದಿಲ್ಲ.
ಆದರೂ ನಾವು ಚೀಲ ಎದೆಗವಚಿ ಒಂದೊಂದು ಹೆಜ್ಜೆ
ಹಿಂದೆ ಹೋಗಿದ್ದೇವೆ, ಯಾರೋ ಒಬ್ಬರು ಹತ್ತಿದ್ದಾರೆ.

ಬಾಣ ಒತ್ತಿದೆ.
ಹಸಿರು ಬಂದು ತನ್ನ ಜಾಗದಲ್ಲಿ ನಿಂತಿತು.

ಈಗ ರಾತ್ರಿ ಹನ್ನೆರಡೂವರೆ, ಚಾರ್ಜು ಶೇಕಡಾ ಒಂಬತ್ತು.
ಇನ್ನೂರ ಹದಿನಾರು ಹೋದವು, ಎರಡು ಉಳಿದವು:
ಹಿಲ್ಡಾಳ ಸಾಲು, ಮತ್ತೆ ಪುಟ ಮೂವತ್ತರ ಆ "ಆದರೆ".
ಹರಿಣಾಕ್ಷಿ ಕೇಳಿಯೇ ಕೇಳುತ್ತಾಳೆ.
ಹಸಿರಿಗೆ ಏನಾದರೂ ಹೇಳಬಹುದು.
"ಆದರೆ"ಗೆ? ಪಡುಬಿದ್ರಿ ಎನ್ನಲೇ?
ಸುರತ್ಕಲ್ಲಿನಿಂದ ಸ್ಕೂಟರಿನಲ್ಲಿ ಬರುವ ಹುಡುಗಿ,
ನಿಂತುಕೊಂಡು ಓದಿ ಗೊತ್ತಿಲ್ಲ.